ಹೈಫಾ ಗೆದ್ದ ಮರುದಿನ ಊರನ್ನು ನಡೆಸಿದವರು ಯಾರು?

ಜೆ.ಸಿ. ನಗರದ ಓದುಗ

ಸೆಪ್ಟೆಂಬರ್ 23 ಬಂದರೆ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಎಲ್ಲ ಕಡೆ ಬರಹಗಳು ಬರುತ್ತವೆ. 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಬ್ರಿಟಿಷರ ಪರ ಹೋರಾಡಿದ ನಮ್ಮ ಕುದುರೆ ಸವಾರರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿ ಹಿಡಿದದ್ದು, ಜೋಧಪುರದವರು ತುರ್ಕರ ಕೈಲಿದ್ದ ಪ್ಯಾಲೆಸ್ಟೈನ್‌ನ ಹೈಫಾ ಊರೊಳಗೆ ನುಗ್ಗಿದ್ದು, ಅವರ ಮೇಜರ್ ದಳಪತ್ ಸಿಂಗ್ ಪ್ರಾಣ ಕೊಟ್ಟದ್ದು, ಇದೆಲ್ಲ ಗೊತ್ತಿರುವ ಕಥೆ. ಲ್ಯಾನ್ಸರ್ಸ್ ಸ್ಮಾರಕ ನಮ್ಮ ಬೆಂಗಳೂರಿನಲ್ಲೇ ಇದೆ. ಆ ಸವಾರರ ಮೇಲೆ ನನಗೆ ತುಂಬಾ ಗೌರವ.

ಆದರೆ ಕಥೆ ಯಾವಾಗಲೂ 23ಕ್ಕೇ ನಿಂತುಬಿಡುತ್ತದೆ. 24ರ ಬೆಳಿಗ್ಗೆ ಆ ಊರಿನ ಗತಿ ಏನು? ನಾಲ್ಕು ವರ್ಷದ ಯುದ್ಧ. 1915ರಲ್ಲಿ ಮಿಡತೆ ಬಂದು ಬೆಳೆ ತಿಂದಿತ್ತು. ಜನ ಹಸಿದಿದ್ದರು. ಆಟೋಮನ್ (ತುರ್ಕಿ) ಸರ್ಕಾರದ ಅಧಿಕಾರಿಗಳು ಸೈನ್ಯದ ಜೊತೆ ಹೊರಟುಹೋಗಿದ್ದರು. ಕಳ್ಳ ಸಿಕ್ಕರೆ ಯಾವ ಕೋರ್ಟು, ಯಾವ ಕಾನೂನು? ಜೇಬಲ್ಲಿರುವ ತುರ್ಕಿ ನೋಟಿಗೆ ಅಂಗಡಿಯವನು ಏನಾದರೂ ಕೊಡುತ್ತಾನಾ?

ಓದಿಕೊಂಡಷ್ಟು ಹೇಳುತ್ತೇನೆ. ಬ್ರಿಟಿಷ್ ಸೈನ್ಯದ ಜನರಲ್ ಅಲೆನ್‌ಬಿ ಗೆದ್ದ ನಾಡನ್ನು ಮೂರು ಭಾಗ ಮಾಡಿ ಸೈನಿಕ ಆಡಳಿತ ಶುರು ಮಾಡಿದರು. ಜೆರುಸಲೇಮ್ ಮತ್ತು ಹೈಫಾ ದಕ್ಷಿಣ ಭಾಗಕ್ಕೆ ಬಂದವು. ಮೇಲೆ ಒಬ್ಬ ಮುಖ್ಯ ಆಡಳಿತಗಾರ, ಜಿಲ್ಲೆಗೊಬ್ಬ ಸೈನಿಕ ಗವರ್ನರ್. ಹೈಫಾ ಕಡೆಗೆ ಬಂದ ಸ್ಟಾಂಟನ್ ಹಿಂದೆ ಖಾರ್ಟೂಮ್‌ನಲ್ಲಿ ಗವರ್ನರ್ ಆಗಿದ್ದವರು. ನಿಯಮ ಒಂದೇ: ಇದ್ದದ್ದನ್ನು ಇದ್ದ ಹಾಗೇ ನಡೆಸಬೇಕು. ಆಟೋಮನ್ ಕಾನೂನು ಮುಂದುವರಿಯಿತು. ಉಶ್ರ್ ಎಂಬ ಬೆಳೆ ತೆರಿಗೆಯೂ ಮುಂದುವರಿಯಿತು. ನಾಣ್ಯ ಮಾತ್ರ ಬದಲಾಯಿತು. ಈಜಿಪ್ಟಿನ ಹಣ ಚಲಾವಣೆಗೆ ಬಂದು 1927ರವರೆಗೂ ಉಳಿಯಿತು.

ನನಗೆ ಅನಿಸುವುದು ಇಷ್ಟು. ಗೆದ್ದವರು ಎಂಥವರು ಎಂದು ತಿಳಿಯಬೇಕಾದರೆ ಯುದ್ಧ ನೋಡಿದರೆ ಸಾಲದು. ಹಳೆಯ ಗುಮಾಸ್ತ, ಹಳೆಯ ಕಾನೂನು, ಹಳೆಯ ದಫ್ತರು, ಇವನ್ನು ಅವರು ಏನು ಮಾಡಿದರು ಎಂದು ನೋಡಬೇಕು. ಬೇರೆ ಕಡೆಯ ಉದಾಹರಣೆ ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ನಿವೃತ್ತ ತಹಶೀಲ್ದಾರ್, ಬಸವನಗುಡಿ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು. ಆಡಳಿತ ಅಂದರೆ ಗವರ್ನರ್ ಅಲ್ಲ, ದಫ್ತರು. ಯಾವ ಸರ್ವೆ ನಂಬರು ಯಾರದು, ಎಷ್ಟು ಕಂದಾಯ ಬಾಕಿ, ಕೆರೆ ನೀರು ಯಾರಿಗೆ ಎಷ್ಟು. ಇದು ಹಳ್ಳಿಯ ಶಾನುಭೋಗರ ಕೈಯಲ್ಲಿರುತ್ತಿತ್ತು. ರಾಜ ಬದಲಾದರೂ ಶಾನುಭೋಗ ಬದಲಾಗುತ್ತಿರಲಿಲ್ಲ.

ಪ್ಯಾಲೆಸ್ಟೈನ್‌ನಲ್ಲಿ ಆದದ್ದು ನೋಡಿ. ತುರ್ಕರು ಹಿಂದೆ ಸರಿಯುವಾಗ ಜಮೀನಿನ ರಿಜಿಸ್ಟರುಗಳಲ್ಲಿ ಎಷ್ಟೋ ತೆಗೆದುಕೊಂಡು ಹೋದರು. ಪುಸ್ತಕ ಇಲ್ಲದೆ ಯಾರ ಜಮೀನು ಯಾರಿಗೆ ಮಾರಾಟ ಆಗುತ್ತಿದೆ ಎಂದು ಹೇಳೋದು ಹೇಗೆ? ಅದಕ್ಕೇ ಸೈನಿಕ ಆಡಳಿತ 1918ರ ನವೆಂಬರ್‌ನಲ್ಲಿ ಜಮೀನು ವ್ಯವಹಾರವನ್ನೇ ನಿಲ್ಲಿಸಿತು. ನೋಂದಣಿ ಕಚೇರಿಗಳು ಮತ್ತೆ ತೆರೆದದ್ದು 1920ರಲ್ಲಿ. ಹಸಿದ ರೈತ ತುಂಡು ಜಮೀನು ಅಡವಿಟ್ಟು ಬೀಜ ತರೋಣ ಅಂದರೂ ಆಗದ ಸ್ಥಿತಿ. ಆದರೂ ಆ ತೀರ್ಮಾನ ಸರಿ ಅಂತಲೇ ನಾನು ಹೇಳುತ್ತೇನೆ. ಗಲಾಟೆ ಕಾಲದಲ್ಲಿ ಆದ ಕ್ರಯಪತ್ರಗಳನ್ನು ಬಿಡಿಸೋಕೆ ಮೂರು ತಲೆಮಾರು ಬೇಕಾಗುತ್ತದೆ. ನಮ್ಮ ತಾಲೂಕು ಕಚೇರಿಗಳಲ್ಲಿ ಕೂತವರಿಗೆ ಇದು ಗೊತ್ತು.

ವಕೀಲೆ, ರಾಜಾಜಿನಗರ

ಓದುಗರು ಹೇಳಿದ "ಇದ್ದ ಹಾಗೇ ನಡೆಸು" ಅನ್ನುವುದು ಅಲೆನ್‌ಬಿ ಅವರ ಔದಾರ್ಯ ಅಲ್ಲ, ಕಾನೂನು. ಯುದ್ಧ ಹೇಗೆ ನಡೆಸಬೇಕು ಎಂದು ದೇಶಗಳು ಒಪ್ಪಿಕೊಂಡ 1907ರ ಹೇಗ್ ನಿಯಮಗಳ 43ನೇ ವಿಧಿ. ಆಕ್ರಮಿಸಿದವರು ಶಾಂತಿ ಮತ್ತು ಜನಜೀವನವನ್ನು ಮತ್ತೆ ನೆಲೆಗೊಳಿಸಬೇಕು. ತೀರಾ ಆಗದ ಸಂದರ್ಭ ಬಿಟ್ಟು ಅಲ್ಲಿನ ಕಾನೂನನ್ನು ಗೌರವಿಸಬೇಕು. 45ನೇ ವಿಧಿ ಪ್ರಕಾರ ಅಲ್ಲಿನ ಜನರಿಂದ ನಿಷ್ಠೆಯ ಪ್ರಮಾಣ ಬಲವಂತವಾಗಿ ಮಾಡಿಸುವಂತಿಲ್ಲ. 48 ಇನ್ನೂ ಮುಖ್ಯ: ಹಳೆಯ ತೆರಿಗೆ ವಸೂಲಿ ಮಾಡುವುದಾದರೆ ಆ ನಾಡಿನ ಆಡಳಿತದ ಖರ್ಚನ್ನೂ ನೀವೇ ಹೊರಬೇಕು.

55ನೇ ವಿಧಿ ನನಗೆ ತುಂಬಾ ಇಷ್ಟ. ಸರ್ಕಾರಿ ಕಟ್ಟಡ, ಕಾಡು, ಜಮೀನು, ಇವೆಲ್ಲ ಬೆಂಗಳೂರಲ್ಲಿ ಭೋಗ್ಯಕ್ಕೆ ಮನೆ ಹಿಡಿದ ಹಾಗೆ. ವಾಸ ಮಾಡಬಹುದು. ಒಡೆಯೋದು, ಮಾರೋದು ಆಗಲ್ಲ. ಬಿಡುವಾಗ ಮನೆ ಮನೆಯಾಗೇ ಇರಬೇಕು.

ಆದ್ದರಿಂದ ಆ ಪ್ರಸಿದ್ಧ ರಸೀದಿಯ ಕಥೆ ಕೇಳಿ ಜನ ನಕ್ಕಾಗ ನನಗೆ ನಗು ಬರುವುದಿಲ್ಲ. 1920ರಲ್ಲಿ ಸೈನಿಕ ಆಡಳಿತ ಮುಗಿದು ಬ್ರಿಟಿಷ್ ಹೈಕಮಿಷನರ್ ಆಗಿ ಹರ್ಬರ್ಟ್ ಸ್ಯಾಮುಯೆಲ್ ಅಧಿಕಾರ ವಹಿಸಿಕೊಂಡಾಗ, ಸೈನಿಕ ಆಡಳಿತದ ಮುಖ್ಯಸ್ಥ ಜನರಲ್ ಬೋಲ್ಸ್ "ಒಂದು ಪ್ಯಾಲೆಸ್ಟೈನ್, ಸಂಪೂರ್ಣ" ತಲುಪಿದೆ ಎಂಬ ರಸೀದಿಗೆ ಸ್ಯಾಮುಯೆಲ್ ಅವರಿಂದ ಸಹಿ ಹಾಕಿಸಿಕೊಂಡರು. ಒಂದು ನಾಡನ್ನು ಸಾಮಾನಿನಂತೆ ಕೈ ಬದಲಾಯಿಸಿದರು. ಅಲ್ಲಿದ್ದ ಜನರನ್ನು ಯಾರೂ ಕೇಳಲಿಲ್ಲ. ತುರ್ಕಿ ಜೊತೆಗಿನ ಕೊನೆಯ ಶಾಂತಿ ಒಪ್ಪಂದ ಲೋಸಾನ್‌ನಲ್ಲಿ ಆದದ್ದು 1923ರಲ್ಲಿ. ಅಂದರೆ ಒಪ್ಪಂದಕ್ಕೆ ಮೊದಲೇ ನಾಗರಿಕ ಸರ್ಕಾರ ಬಂದುಬಿಟ್ಟಿತ್ತು.

ಇತಿಹಾಸದ ಮೇಷ್ಟ್ರು, ಮಲ್ಲೇಶ್ವರ

ಅದೇ ಯುದ್ಧ, ಅದೇ ಬ್ರಿಟಿಷರು. ಆದರೆ ಇಂದಿನ ಇರಾಕಿನ ಬಸ್ರಾದಲ್ಲಿ ಬೇರೆಯದೇ ದಾರಿ ಹಿಡಿದರು. ಅದರಲ್ಲಿ ಭಾರತದ ಕೈ ತುಂಬಾ ಇದೆ. ನಾವು ತಿಳಿದುಕೊಳ್ಳಲೇಬೇಕು.

1914ರ ನವೆಂಬರ್‌ನಲ್ಲಿ ಭಾರತದಿಂದ ಹೋದ ಸೈನ್ಯ ಬಸ್ರಾ ಹಿಡಿಯಿತು. ಹಲಸೂರು ಕೆರೆ ಹತ್ತಿರ ಕೇಂದ್ರ ಇರುವ ನಮ್ಮ ಮದ್ರಾಸ್ ಸ್ಯಾಪರ್ಸ್ ಕೂಡ ಮೆಸಪೊಟೇಮಿಯಾದಲ್ಲಿ, ಅಂದರೆ ಇರಾಕಿನಲ್ಲಿ, ದುಡಿದವರು. ಪರ್ಸಿ ಕಾಕ್ಸ್ ಮುಖ್ಯ ರಾಜಕೀಯ ಅಧಿಕಾರಿ. ಕಂದಾಯ ನೋಡಿಕೊಳ್ಳಲು ಹೆನ್ರಿ ಡಾಬ್ಸ್ ಬಂದರು. ಅವರು ಭಾರತದ ವಾಯವ್ಯ ಗಡಿಯನ್ನು ಬಲ್ಲವರು. ತುರ್ಕಿ ಅಧಿಕಾರಿಗಳು ಓಡಿಹೋಗಿದ್ದರು, ದಾಖಲೆಗಳು ಚೆಲ್ಲಾಪಿಲ್ಲಿ. ಹಾಗಾಗಿ ಗೊತ್ತಿದ್ದದ್ದನ್ನೇ ತಂದು ಹಾಕಿದರು. 1915ರಲ್ಲಿ ಭಾರತದ ಕಾನೂನುಗಳನ್ನು ಆಧರಿಸಿದ ಸಂಹಿತೆ ಬಂತು. ಗುಮಾಸ್ತರು, ಪೊಲೀಸರು ಭಾರತದಿಂದ ಹೋದರು. ರೂಪಾಯಿಯೇ ನಾಣ್ಯ. ಇರಾಕಿನ ಬಜಾರುಗಳಲ್ಲಿ 1932ರವರೆಗೆ ರೂಪಾಯಿ ಓಡಿತು!

ಬಾಗ್ದಾದ್ 1917ರ ಮಾರ್ಚ್ 11ಕ್ಕೆ ಬಿತ್ತು. ಬ್ರಿಟಿಷ್ ಸೇನಾಪತಿ ಜನರಲ್ ಮಾಡ್ ಹೆಸರಲ್ಲಿ ಒಂದು ಘೋಷಣೆ ಹೊರಟಿತು. ನಾವು ಗೆದ್ದವರಾಗಿ ಬಂದಿಲ್ಲ, ಬಿಡಿಸುವವರಾಗಿ ಬಂದಿದ್ದೇವೆ ಅಂತ. ಅಲ್ಲಿಗೆ ಬಂದ ನ್ಯಾಯಾಧಿಕಾರಿ ಬೋನಮ್ ಕಾರ್ಟರ್ ತುರ್ಕಿ ಕಾನೂನು, ತುರ್ಕಿ ಪದ್ಧತಿಯ ಕೋರ್ಟುಗಳನ್ನು ಮತ್ತೆ ನಡೆಸಿದರು. ಅದು ಒಳ್ಳೆಯ ಕೆಲಸ. ಆದರೆ ದೊಡ್ಡ ಹುದ್ದೆಗಳಲ್ಲಿ ಅರಬ್ಬರು ಬೆರಳೆಣಿಕೆಯಷ್ಟು. ಕಾಕ್ಸ್ ನಂತರ ಅರ್ನಾಲ್ಡ್ ವಿಲ್ಸನ್ ಎಲ್ಲವನ್ನೂ ತಾನೇ ಹಿಡಿದಿಟ್ಟುಕೊಂಡರು. ಬಿಡಿಸುತ್ತೇವೆ ಎಂದವರು ಬಿಡಲಿಲ್ಲ. 1920ರ ಬೇಸಿಗೆಯಲ್ಲಿ ನಾಡು ತಿರುಗಿಬಿತ್ತು. ಆ ದಂಗೆ ಅಡಗಿಸಲು ಸಾವಿರಾರು ಜನ ಸತ್ತರು. ಇತ್ತ ಭಾರತದಿಂದ ಹೋದ ಸಿಪಾಯಿಗಳೂ ಸತ್ತರು.

ಕೋಟೆ ಬೀದಿಯವ

ಮೇಷ್ಟ್ರೇ, ಇಷ್ಟು ದೂರ ಯಾಕೆ ಹೋಗಬೇಕು? ನಮ್ಮ ಬೆಂಗಳೂರೇ ಒಂದು ವರ್ಷ ಹೀಗಿತ್ತಲ್ವಾ. 1791ರ ಮಾರ್ಚ್ 7ಕ್ಕೆ ಕಾರ್ನ್‌ವಾಲಿಸ್ ಪೇಟೆ ಹಿಡಿದ. 21ಕ್ಕೆ ಕೋಟೆ ಬಿತ್ತು, ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. 1792ರ ಒಪ್ಪಂದದ ನಂತರ ಊರು ಟಿಪ್ಪುವಿಗೆ ವಾಪಸ್ ಬಂತು.

ಅದೇ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಹೋಯಿತು. ಇವತ್ತಿನ ಕೃಷ್ಣಗಿರಿ, ಧರ್ಮಪುರಿ ಕಡೆ. ಹೊಸೂರು ದಾಟಿದರೆ ಅದೇ. ಅಲ್ಲಿಗೆ ಕಾರ್ನ್‌ವಾಲಿಸ್ ಮದ್ರಾಸಿನ ಸಿವಿಲ್ ಅಧಿಕಾರಿಗಳನ್ನು ಕಳಿಸಲಿಲ್ಲ. ಅವರಿಗೆ ಜನರ ಭಾಷೆ ಬರುತ್ತಿರಲಿಲ್ಲ. ಅಲೆಕ್ಸಾಂಡರ್ ರೀಡ್ ಎಂಬ ಸೈನ್ಯಾಧಿಕಾರಿಯನ್ನು ಹಾಕಿದ. ಸಹಾಯಕ್ಕೆ ಇನ್ನೂ ಮೂವರು ಸೈನ್ಯದವರು. ಅವರಲ್ಲಿ ಒಬ್ಬ ಥಾಮಸ್ ಮನ್ರೋ. ಊರೂರು ತಿರುಗಿ ಹೊಲ ಅಳೆಸಿ ರೈತನ ಜೊತೆ ನೇರ ಲೆಕ್ಕ ಮಾಡಿದರು. ರೈತವಾರಿ ಪದ್ಧತಿ ಬೆಳೆದದ್ದು ಹೀಗೆ. ನಮ್ಮ ಬಳ್ಳಾರಿಯವರಿಗೆ ಮನ್ರೋ ಹೆಸರು ಹೇಳಿಕೊಡಬೇಕಾಗಿಲ್ಲ.

ವಕೀಲೆ, ರಾಜಾಜಿನಗರ

ಕೋಟೆ ಬೀದಿಯವರೇ, ಒಂದು ವ್ಯತ್ಯಾಸ. ಬೆಂಗಳೂರು 1791ರಲ್ಲಿ ಆಕ್ರಮಿತ ಊರು. ಬಾರಾಮಹಲ್ ಹಾಗಲ್ಲ, ಒಪ್ಪಂದದಿಂದ ಕೈ ಬದಲಾದ ನಾಡು. ಆಮೇಲೆ ಅಲ್ಲಿ ಕಂಪನಿ ಕಾನೂನು ಬದಲಿಸಬಹುದಿತ್ತು. ಒಪ್ಪಂದ ಆಗುವ ತನಕ ಆಕ್ರಮಿಸಿದವರದ್ದು ಬರೀ ಉಸ್ತುವಾರಿ. ಈ ಗೆರೆ ಮಸುಕಾದ ಕಡೆಯೆಲ್ಲ ಅನ್ಯಾಯ ಆಗಿದೆ.

ಕೋಟೆ ಬೀದಿಯವ

ಒಪ್ಪುತ್ತೇನೆ ಮೇಡಂ. ಆದರೆ ಭಾಷೆ ಬರುವವನನ್ನು ಹಾಕಿದ್ದು ಎರಡು ಕಡೆಗೂ ಪಾಠವೇ.

ಹೆಸರಘಟ್ಟ ರಸ್ತೆ

ಎಲ್ಲರೂ ಆಡಳಿತ ಚೆನ್ನಾಗಿತ್ತಾ ಇಲ್ವಾ ಅಂತ ಮಾತಾಡುತ್ತಿದ್ದೀರಿ. ನನಗೆ ಇದು ಕಸಿವಿಸಿ ತರುತ್ತದೆ. ಬೇರೆಯವರ ನಾಡಿಗೆ ಬಂದೂಕು ಹಿಡಿದು ಹೋಗಿ, ಆಮೇಲೆ ನಲ್ಲಿ ನೀರು ಸರಿಯಾಗಿ ಬಿಟ್ಟರು ಅಂತ ಹೊಗಳೋದಾ? ನೀರು ಚೆನ್ನಾಗಿ ಬಂದಷ್ಟೂ ಜನ ತಲೆ ತಗ್ಗಿಸಿಕೊಂಡು ಇರುತ್ತಾರೆ. ಆಕ್ರಮಣದ ಆಯುಷ್ಯ ಜಾಸ್ತಿ ಆಗುತ್ತದೆ.

ಜೆ.ಸಿ. ನಗರದ ಓದುಗ

ನಿಮ್ಮ ಕಸಿವಿಸಿ ನನಗೂ ಇದೆ. ಆದರೆ ನೀರಿಲ್ಲದಿದ್ದರೆ ಮೊದಲು ಸಾಯುವುದು ಮಗು. ಜೆರುಸಲೇಮ್ ಜನ ಮಳೆ ನೀರಿನ ತೊಟ್ಟಿಗಳನ್ನೇ ನಂಬಿದ್ದರು. 1918ರಲ್ಲಿ ಸೈನ್ಯದ ಎಂಜಿನಿಯರುಗಳು ಅರ್ರೂಬ್ ಊಟೆಗಳಿಂದ ಕೊಳವೆ ಹಾಕಿ ನೀರು ತಂದರು. ಇದಕ್ಕಾಗಿ ಆಕ್ರಮಣವನ್ನು ನಾನು ಹೊಗಳುವುದಿಲ್ಲ. ನೀರು ಕೊಡುವುದು ಅವರ ಮೇಲಿದ್ದ ಸಾಲ ಎಂದು ನೋಡುತ್ತೇನೆ. ಇವತ್ತಿನ ಕಾನೂನೂ ಹಾಗೇ ಹೇಳುತ್ತದೆ ಅಲ್ವಾ ಮೇಡಂ?

ವಕೀಲೆ, ರಾಜಾಜಿನಗರ

ಹೌದು. 1949ರ ನಾಲ್ಕನೇ ಜಿನೀವಾ ಒಪ್ಪಂದ, 55ನೇ ವಿಧಿ. ಆಹಾರ, ಔಷಧ ಸಿಗುವಂತೆ ನೋಡಿಕೊಳ್ಳುವುದು ಆಕ್ರಮಿಸಿದವರ ಕರ್ತವ್ಯ. 49ನೇ ವಿಧಿ: ತಮ್ಮ ಜನರನ್ನು ಅಲ್ಲಿಗೆ ತಂದು ನೆಲೆಗೊಳಿಸುವಂತಿಲ್ಲ.

ಡೇಟಾ ಕೆಲಸದವಳು, ವೈಟ್‌ಫೀಲ್ಡ್

ತಹಶೀಲ್ದಾರ್ ಸರ್ ದಫ್ತರು ಉಳಿಯಬೇಕು ಅಂದರು. ಇದರ ಇನ್ನೊಂದು ಮುಖ ಹೇಳಲೇಬೇಕು. ಬರೆಯುವಾಗ ಕೈ ನಡುಗುತ್ತದೆ.

ನೆದರ್ಲೆಂಡ್ಸ್, 1940ರ ಮೇ. ಜರ್ಮನರು ಬಂದರು. ರಾಣಿ, ಮಂತ್ರಿಗಳು ಲಂಡನ್‌ಗೆ ಹೋದರು. ಇಲಾಖೆಗಳ ಕಾರ್ಯದರ್ಶಿಗಳು ಉಳಿದರು. ಆಕ್ರಮಣ ಆದರೆ ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕು ಎಂದು 1937ರಲ್ಲೇ ಸರ್ಕಾರ ಸೂಚನೆ ಬರೆದಿತ್ತು. ಜನರಿಗೆ ಒಳ್ಳೆಯದಾಗುವ ತನಕ ಕೆಲಸದಲ್ಲಿ ಇರಿ, ಶತ್ರುವಿಗೇ ಜಾಸ್ತಿ ಲಾಭ ಅನಿಸಿದರೆ ಬಿಡಿ ಅಂತ. ಹೆಚ್ಚಿನವರು ಉಳಿದರು. ಅಲ್ಲಿನ ಜನಸಂಖ್ಯಾ ರಿಜಿಸ್ಟರು ಬಹಳ ಅಚ್ಚುಕಟ್ಟು. ಪ್ರತಿಯೊಬ್ಬರ ಹೆಸರು, ವಿಳಾಸ, ಜೊತೆಗೆ ಧರ್ಮ. ಶಾಂತಿ ಕಾಲದಲ್ಲಿ ಆ ಕಾಲಂ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ರಿಜಿಸ್ಟರಿನ ಮುಖ್ಯಸ್ಥ ಯಾಕೋಬ್ ಲೆಂಟ್ಸ್ ನಕಲು ಮಾಡಲು ತುಂಬಾ ಕಷ್ಟವಾದ ಗುರುತಿನ ಚೀಟಿ ರೂಪಿಸಿದ. 1941ರ ಜನವರಿಯಲ್ಲಿ ಯಹೂದಿಗಳು ಹೆಸರು ನೋಂದಾಯಿಸಬೇಕು ಎಂಬ ಆದೇಶ ಬಂತು. ಆಮ್‌ಸ್ಟರ್‌ಡ್ಯಾಮ್ ನಗರಸಭೆಯವರು ಯಾವ ಬೀದಿಯಲ್ಲಿ ಎಷ್ಟು ಯಹೂದಿಗಳು ಎಂದು ಚುಕ್ಕೆ ಇಟ್ಟ ನಕ್ಷೆಯನ್ನೇ ಮಾಡಿಕೊಟ್ಟರು. ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದರು. ಪಶ್ಚಿಮ ಯುರೋಪಿನ ಬೇರೆ ಯಾವ ಆಕ್ರಮಿತ ದೇಶದಲ್ಲೂ ಇಷ್ಟು ದೊಡ್ಡ ಪಾಲು ಸಾಯಲಿಲ್ಲ.

1943ರ ಮಾರ್ಚ್ 27ರ ರಾತ್ರಿ ಒಂದು ಗುಂಪು ಪೊಲೀಸ್ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮ್ ರಿಜಿಸ್ಟರ್ ಕಚೇರಿಗೆ ನುಗ್ಗಿ ಬೆಂಕಿ ಇಟ್ಟಿತು. ಶಿಲ್ಪಿ ಗೆರಿಟ್ ಫಾನ್ ಡೆರ್ ಫೇನ್, ಚಿತ್ರಕಾರ ವಿಲೆಮ್ ಅರೊಂಡೆಯಸ್ ಮುಂದಾಳುಗಳು. ಬೆಂಕಿ ಆರಿಸಲು ಬಂದವರು ಬೇಕಂತಲೇ ತಡ ಮಾಡಿದರು. ಆಮೇಲೆ ಕಾರ್ಡುಗಳು ಹಾಳಾಗಲಿ ಅಂತ ನೀರು ಧಾರಾಳವಾಗಿ ಸುರಿದರು. ಆದರೂ ನಾಶವಾದದ್ದು ಒಂದು ಸಣ್ಣ ಪಾಲು. ಆ ವರ್ಷ ಜುಲೈ 1ರಂದು ಅರೊಂಡೆಯಸ್ ಮತ್ತು ಸಂಗಾತಿಗಳನ್ನು ಗುಂಡಿಟ್ಟು ಕೊಂದರು.

ನಾನು ದಿನಾ ಇಂಥ ಪಟ್ಟಿಗಳ ಜೊತೆಗೇ ಕೆಲಸ ಮಾಡುವವಳು. ಅಚ್ಚುಕಟ್ಟಾದ ದಾಖಲೆ ಯಾರ ಕೈಗೆ ಬೇಕಾದರೂ ಸಿಗಬಹುದು ಸರ್.

ನಿವೃತ್ತ ತಹಶೀಲ್ದಾರ್, ಬಸವನಗುಡಿ

ಓದಿ ಸುಮ್ಮನೆ ಕೂತುಬಿಟ್ಟೆ. ತಾಯಿ, ನೀವು ಹೇಳಿದ್ದು ಸರಿ. ಜಮೀನಿನ ಪಹಣಿ ಬೇರೆ, ಮನುಷ್ಯರ ಪಟ್ಟಿ ಬೇರೆ. ಪಹಣಿ ಉಳಿದರೆ ರೈತ ಉಳಿಯುತ್ತಾನೆ. ಮನುಷ್ಯರ ಪಟ್ಟಿಯಲ್ಲಿ ಬೇಡದ ಕಾಲಂ ಇರಲೇಬಾರದು.

ಇತಿಹಾಸದ ಮೇಷ್ಟ್ರು, ಮಲ್ಲೇಶ್ವರ

ಹಳೆಯವರನ್ನೇ ಇಟ್ಟುಕೊಳ್ಳಿ ಅನ್ನುವುದಕ್ಕೂ ಮಿತಿ ಇದೆ. ಯಾವ ಹಳೆಯವರು? 1943ರ ಜುಲೈನಲ್ಲಿ ಬ್ರಿಟನ್, ಅಮೆರಿಕದ ಮಿತ್ರ ಸೈನ್ಯ ಇಟಲಿಯ ಸಿಸಿಲಿ ದ್ವೀಪಕ್ಕೆ ಇಳಿಯಿತು. ಫ್ಯಾಸಿಸ್ಟ್ ಮೇಯರುಗಳನ್ನು ತೆಗೆದರು. ಆ ಜಾಗಕ್ಕೆ ಊರಲ್ಲಿ ಪ್ರಭಾವ ಇದ್ದವರನ್ನು ಹುಡುಕಿದರು. ವಿಲ್ಲಾಲ್ಬಾ ಎಂಬ ಊರಿಗೆ ಮೇಯರ್ ಆದದ್ದು ಕಲೊಜೆರೊ ವಿಟ್ಸಿನಿ, ಮಾಫಿಯಾದ ದೊಡ್ಡ ತಲೆ. ಆತುರದಲ್ಲಿ ದಬ್ಬಾಳಿಕೆಯವರೇ ಕೈಗೆ ಸಿಗುತ್ತಾರೆ. ಬಡವ ಬಂದು ನನ್ನನ್ನು ಮೇಯರ್ ಮಾಡಿ ಅಂತ ಕೇಳಲ್ಲ.

ಹಳೆಯ ಕಾನೂನಿಗೂ ಇದೇ ಮಾತು. ಜರ್ಮನಿಯಲ್ಲಿ 1945ರ ಸೆಪ್ಟೆಂಬರ್‌ನಲ್ಲಿ ಮಿತ್ರ ರಾಷ್ಟ್ರಗಳ ನಿಯಂತ್ರಣ ಮಂಡಳಿಯ ಮೊದಲ ಕಾನೂನೇ ನಾಜಿ ಕಾನೂನುಗಳ ರದ್ದತಿ. ಯಾರೂ ಅದನ್ನು ತಪ್ಪು ಅನ್ನಲಾರರು.

ಜೆ.ಸಿ. ನಗರದ ಓದುಗ

ಅಲ್ಲಿಂದ ಇರಾಕ್ 2003ಕ್ಕೆ ಬಂದರೆ ಇನ್ನೊಂದು ತುದಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಬಾಗ್ದಾದ್ ಬಿತ್ತು. ಜನ ಸಚಿವಾಲಯಗಳನ್ನು, ವಸ್ತುಸಂಗ್ರಹಾಲಯವನ್ನು ಲೂಟಿ ಮಾಡುತ್ತಿದ್ದರೆ ಅಮೆರಿಕದ ಸೈನ್ಯ ತೈಲ ಸಚಿವಾಲಯಕ್ಕೆ ಕಾವಲು ಹಾಕಿತ್ತು. ಮೇ 16ಕ್ಕೆ ಅಮೆರಿಕ ನೇತೃತ್ವದ ಆಡಳಿತದ ಆದೇಶ 1: ಸದ್ದಾಂ ಹುಸೇನ್‌ನ ಬಾಥ್ ಪಕ್ಷದ ಮೇಲಿನ ಸ್ತರದವರೆಲ್ಲ ಕೆಲಸದಿಂದ ಹೊರಗೆ. ಮೇಷ್ಟ್ರು, ಡಾಕ್ಟರು, ಎಂಜಿನಿಯರು ಯಾರೇ ಆಗಲಿ. ಕೆಲಸಕ್ಕಾಗಿ ಪಕ್ಷ ಸೇರಿದವರು ಎಷ್ಟು, ಕೊಲೆಗಾರರು ಎಷ್ಟು ಅಂತ ಬೇರೆ ಮಾಡುವ ತಾಳ್ಮೆ ಇರಲಿಲ್ಲ. ಮೇ 23ಕ್ಕೆ ಆದೇಶ 2: ಇರಾಕಿನ ಸೈನ್ಯವೇ ರದ್ದು. ಲಕ್ಷಾಂತರ ಜನ ಸಂಬಳವಿಲ್ಲದೆ, ಬಂದೂಕಿನ ಸಮೇತ ಮನೆಗೆ. ಪಂಪ್‌ಹೌಸ್ ನಡೆಸುವವನನ್ನೂ ಕಳಿಸಿಬಿಟ್ಟರೆ ಹೊಸಬ ಎಲ್ಲಿಂದ ಬರಬೇಕು?

ಉಳಿಸಿಕೊಂಡ ಒಂದು ಒಳ್ಳೆಯದು ಪಡಿತರ. ವಿಶ್ವಸಂಸ್ಥೆಯ ವ್ಯಾಪಾರ ನಿರ್ಬಂಧಗಳ ಕಾಲದಿಂದ ನಡೆಯುತ್ತಿದ್ದ ರೇಷನ್ ವ್ಯವಸ್ಥೆಯನ್ನು ಮುಟ್ಟಲಿಲ್ಲ. ಬೀದಿ ಅಂಗಡಿಯವರೇ ಹಿಟ್ಟು, ಅಕ್ಕಿ ಹಂಚುತ್ತಿದ್ದರು. ಆ ಅಂಗಡಿಯವರಿಂದಾಗಿ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು.

ಹೆಸರಘಟ್ಟ ರಸ್ತೆ

ಬೇಗ ಬಿಟ್ಟು ಹೊರಟವರ ಉದಾಹರಣೆ ಒಂದನ್ನು ನಾನೇ ಕೊಡುತ್ತೇನೆ. 1971. ಮುಜಿಬ್‌ನಗರದಲ್ಲಿ ಏಪ್ರಿಲ್ 17ಕ್ಕೇ ಬಾಂಗ್ಲಾ ತಾತ್ಕಾಲಿಕ ಸರ್ಕಾರ ಪ್ರಮಾಣ ತೆಗೆದುಕೊಂಡಿತ್ತು. ಕೊಲ್ಕತ್ತದಲ್ಲಿ ಕೂತು ಆಡಳಿತ ನಡೆಸಿತು. ಪಾಕಿಸ್ತಾನದ ನೌಕರಿ ಬಿಟ್ಟು ಬಂದ ಬಂಗಾಳಿ ಅಧಿಕಾರಿಗಳು ಜೊತೆಗಿದ್ದರು. ಡಿಸೆಂಬರ್ 16ರಂದು ಢಾಕಾ ಶರಣಾದಾಗ ಊರು ವಹಿಸಿಕೊಳ್ಳಲು ಅಲ್ಲಿಯವರೇ ಸಿದ್ಧರಿದ್ದರು. 1972ರ ಮಾರ್ಚ್‌ನಲ್ಲಿ ನಮ್ಮ ಸೈನ್ಯ ವಾಪಸ್. ಕಡೆಗೆ ಯಾರ ಕೈಗೆ ಕೊಡಬೇಕು ಎಂಬುದು ಯುದ್ಧಕ್ಕೆ ಮೊದಲೇ ತೀರ್ಮಾನವಾಗಿತ್ತು. ಇರಾಕಿನಲ್ಲಿ, ಪ್ಯಾಲೆಸ್ಟೈನ್‌ನಲ್ಲಿ ಆ ತೀರ್ಮಾನವೇ ಇರಲಿಲ್ಲ.

ಇತಿಹಾಸದ ಮೇಷ್ಟ್ರು, ಮಲ್ಲೇಶ್ವರ

ಬಹಳ ಒಳ್ಳೆಯ ಮಾತು. ಬಿಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇರಾಕಿನಲ್ಲಿ ಡಾಬ್ಸ್ ಅವರ ಕೆಲಸವನ್ನೇ ನೋಡಿ. 1916ರಲ್ಲಿ ಅವರು ಬುಡಕಟ್ಟು ವ್ಯಾಜ್ಯಗಳಿಗೆ ಒಂದು ನಿಯಮ ತಂದರು. ನಮ್ಮ ವಾಯವ್ಯ ಗಡಿಯ ನಿಯಮದ ಮಾದರಿ. ಹಳ್ಳಿಯ ಜಗಳವನ್ನು ಕೋರ್ಟಿಗೆ ತರದೆ ಶೇಖ್‌ಗಳ ಮುಂದೆ ಬಗೆಹರಿಸುವುದು. ಯುದ್ಧದ ಮಧ್ಯೆ ಸೈನ್ಯಕ್ಕೆ ಅನುಕೂಲ. ಆದರೆ ಅದು ಹೋಗಲೇ ಇಲ್ಲ. ಶೇಖ್‌ಗಳು ಜಮೀನ್ದಾರರಾಗಿ ಬೆಳೆದರು, ಸಾಗುವಳಿ ಮಾಡುವವನಿಗೆ ಸರ್ಕಾರದ ಕೋರ್ಟು ದೂರವೇ ಉಳಿಯಿತು. 1958ರಲ್ಲಿ ರಾಜನ ಆಡಳಿತ ಬಿದ್ದ ಮೇಲೆ ಆ ನಿಯಮ ರದ್ದಾಯಿತು.

ನಿವೃತ್ತ ತಹಶೀಲ್ದಾರ್, ಬಸವನಗುಡಿ

ವಕೀಲರಿಗೆ ಒಂದು ಪ್ರಶ್ನೆ. ನಾನು ತಾಲೂಕು ಕಚೇರಿಯಲ್ಲಿದ್ದೇನೆ, ಊರಿಗೆ ಪರದೇಶದ ಸೈನ್ಯ ಬಂದಿದೆ ಅಂದುಕೊಳ್ಳಿ. ನಾನು ಕೆಲಸ ಬಿಡಬಹುದಾ?

ವಕೀಲೆ, ರಾಜಾಜಿನಗರ

ಬಿಡಬಹುದು ಸರ್. ಜಿನೀವಾ ಒಪ್ಪಂದದ 54ನೇ ವಿಧಿ. ಮನಸ್ಸಾಕ್ಷಿ ಒಪ್ಪದೆ ಕೆಲಸದಿಂದ ದೂರ ಉಳಿದ ಅಧಿಕಾರಿಗೆ, ನ್ಯಾಯಾಧೀಶರಿಗೆ ಶಿಕ್ಷೆ ಕೊಡುವಂತಿಲ್ಲ. ಈ ವಿಧಿ ಬರುವ ಮೊದಲೇ ಹಾಗೆ ಮಾಡಿದವರಿದ್ದಾರೆ. 1940ರ ಡಿಸೆಂಬರ್‌ನಲ್ಲಿ ನಾರ್ವೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಒಟ್ಟಾಗಿ ರಾಜೀನಾಮೆ ಕೊಟ್ಟರು. ತನ್ನ ಆದೇಶಗಳನ್ನು ಪರಿಶೀಲಿಸುವ ಹಕ್ಕು ಕೋರ್ಟಿಗಿಲ್ಲ ಎಂದು ಜರ್ಮನ್ ಆಡಳಿತಗಾರ ಟೆರ್ಬೋವನ್ ಹೇಳಿದ್ದಕ್ಕೆ. 1942ರಲ್ಲಿ ಅಲ್ಲಿನ ಮೇಷ್ಟ್ರುಗಳು ನಾಜಿ ಸಂಘ ಸೇರಲು ಒಪ್ಪಲಿಲ್ಲ. ಸಾವಿರಕ್ಕೂ ಹೆಚ್ಚು ಮೇಷ್ಟ್ರುಗಳು ಬಂಧನಕ್ಕೆ ಹೋದರು, ನೂರಾರು ಜನರನ್ನು ಉತ್ತರದ ಚಳಿಯ ಕಿರ್ಕೆನೆಸ್‌ಗೆ ಕಳಿಸಿದರು. ಆದರೂ ಬಗ್ಗಲಿಲ್ಲ. ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು. ಅದೇ ಕಾಲಕ್ಕೆ ಡಚ್ ಸುಪ್ರೀಂ ಕೋರ್ಟಿನಲ್ಲಿ ಯಹೂದಿ ಎಂಬ ಕಾರಣಕ್ಕೆ ಅಧ್ಯಕ್ಷ ವಿಸರ್ ಅವರನ್ನು ತೆಗೆದಾಗ ಉಳಿದ ನ್ಯಾಯಾಧೀಶರು ಕುರ್ಚಿ ಬಿಡಲಿಲ್ಲ.

ನಿವೃತ್ತ ತಹಶೀಲ್ದಾರ್, ಬಸವನಗುಡಿ

ಹಾಗಾದರೆ ನನ್ನ ಉತ್ತರ ಬರೆದಿಡುತ್ತೇನೆ. ಕೆರೆ ತೂಬು ತೆಗೆಯುವುದು, ರೇಷನ್ ಹಂಚುವುದು, ಜನನ ಮರಣ ಬರೆಯುವುದು, ಇದಕ್ಕಾಗಿ ಕಚೇರಿಯಲ್ಲಿ ಕೂರುತ್ತೇನೆ. ಯಾವ ಮನೆಯಲ್ಲಿ ಯಾವ ಜಾತಿ, ಯಾವ ಧರ್ಮ ಎಂದು ಪಟ್ಟಿ ಕೇಳಿದ ದಿನ ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತೇನೆ.

ಡೇಟಾ ಕೆಲಸದವಳು, ವೈಟ್‌ಫೀಲ್ಡ್

ಸರ್, ಹೋಗುವ ಮೊದಲು ಆ ಪಟ್ಟಿ ಸುಟ್ಟು ಹೋಗಿ. ಬೀಗದ ಕೈ ಅವರಿಗೆ ಸಾಕು.